ಬುಟ್ಟಿ ತಡೆಯುವ ಡಿಸ್ಕು

ಮೀನು ಕೊಯ್ಯುವಾಗ ಬೆರಳೂ ಕೊಯ್ದುಹೋದದ್ದು ಮಾಸ್ತಮ್ಮನಿಗೆ ತಿಳಿಯಲೇ ಇಲ್ಲ. ಮೀನಿನ ಮೇಲೆ ರಕ್ತ ಕಂಡ ಗಿರಾಕಿಯೇ ಹೇಳಬೇಕಾಯಿತು. ಬಾಡ ಎಂಬ ಊರಿನ ಕಡಲ ದಡದಿಂದ ಮೀನಿನ ಬುಟ್ಟಿ ಹೊತ್ತು ಹೊತ್ತು ಅವಳ ಕುತ್ತಿಗೆ ಎಲುಬುಗಳ ನಡುವಿನ ಮೆತ್ತೆ, ಡಾಕ್ಟರು ಡಿಸ್ಕು ಎನ್ನುವುದು, ಸವೆದು ಕೈಯ ನರವನ್ನು ಒತ್ತುತ್ತಿತ್ತು.

ಆಪರೇಶನ್ ಎಂದ ದಿನದಿಂದ ಮಗಳು ದಿವ್ಯಶ್ರೀ ಮೊಬೈಲಿನಲ್ಲಿ ಕೃತಕ ಡಿಸ್ಕುಗಳನ್ನು ತೋರಿಸುತ್ತಲೇ ಇದ್ದಳು. ಒಂದರಲ್ಲಿ ಲೋಹದ ಬಿಲ್ಲೆಗಳ ನಡುವೆ ಜಾರುವ ಗಟ್ಟಿ ಪ್ಲಾಸ್ಟಿಕ್. ಇನ್ನೊಂದರಲ್ಲಿ ರಬ್ಬರಿನಂಥ ತಿರುಳು.

"ಇದು ಒತ್ತಿದ್ರೆ ತಗ್ಗ್ತದೆ, ಬಿಟ್ರೆ ಏಳ್ತದೆ. ಭಾರ ಹೊರೂಕೆ ಇದೇ ಸೈ," ಎಂದಳು ಮಾಸ್ತಮ್ಮ.

"ಬಂಗಡೆ ಆರಿಸ್ದಾಂಗೆ ಆರಿಸ್ತೀಯಲ್ಲೆ ಅಮ್ಮ."

"ಆರಿಸ್ದೆ ತಂದ್ರೆ ಮನೆಗೆ ಬಂದ್ಮೇಲೆ ನಾರ್ತದೆ."

ಹೊನ್ನಾವರಕ್ಕೆ ವಾರಕ್ಕೊಮ್ಮೆ ಬರುವ ಡಾಕ್ಟರ ಮೇಜಿನ ಮೇಲೆ ಎರಡರ ಮಾದರಿಗಳೂ ಇದ್ದವು. ಮೆತ್ತಗಿನದನ್ನು ಮಾಸ್ತಮ್ಮ ಎತ್ತಿಕೊಂಡಳು. ಅದು ಬೆರಳಿಂದ ಜಾರಿ ಬಿತ್ತು. ಡಾಕ್ಟರೇ ಬಗ್ಗಿ ಹೆಕ್ಕಿದರು.

"ಇದು ಮೀನ್ ಬುಟ್ಟಿ ತಡೀತದ್ಯಾ ಡಾಕ್ಟ್ರೆ?"

ಅವರು ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದರು. "ಎರಡೂ ಒಳ್ಳೆಯವೇ. ಕುತ್ತಿಗೆ ತಿರುಗಲಿ ಅಂತ ಮಾಡಿದ್ದು. ಆದ್ರೆ ನಿಮ್ಮ ಕುತ್ತಿಗೆಯ ಹಿಂಬದಿ ಕೀಲುಗಳೂ ಸವೆದಿವೆ. ಅಲ್ಲಿ ಅಲುಗಾಡುವ ಡಿಸ್ಕು ಕೂರಿಸಿ ಪ್ರಯೋಜನ ಇಲ್ಲ. ಎಲುಬುಗಳನ್ನ ಬೆಸೆಯೋದೊಂದೇ ದಾರಿ."

"ಬೆಸ್ದ್ರೆ ಬುಟ್ಟಿ ಹೊರೂಲಕ್ಕಾ?"

"ಯಾವುದು ಹಾಕಿದ್ರೂ ತಲೆ ಮೇಲೆ ಇನ್ನು ಭಾರ ಬೇಡ."

"ಕೈ ಜೋಮು?"

"ಹೆಚ್ಚಾಗದ ಹಾಗೆ ತಡೀಬಹುದು. ಹೋದದ್ದು ಬರ್ತದೆ ಅಂತ ಮಾತು ಕೊಡಲಾರೆ."

"ಬೇರೆ ನಮೂನೆದು ಇಲ್ವಾ ಸರ್?" ಎನ್ನುತ್ತ ದಿವ್ಯಶ್ರೀ ಮೊಬೈಲ್ ಮುಂದೆ ಹಿಡಿದಳು. ಅವಳ ಬೆರಳು ಪರದೆಯ ಮೇಲೆ ಓಡುತ್ತಲೇ ಇತ್ತು.

"ಸಾಕು ಮಗಾ, ಒಳಗಿಡು," ಎಂದಳು ಮಾಸ್ತಮ್ಮ.

ಸಂಜೆ, ಅವಳ ಜೊತೆಯಲ್ಲೇ ಬುಟ್ಟಿ ಹೊರುತ್ತಿದ್ದ ಕಲ್ಪನಾ ಬಂದು ಜಗಲಿಯಲ್ಲಿ ಕೂತಳು. "ಎಂತ ಆತು? ಯಾವ್ದು ಹಾಕ್ತ್ರಂತೆ?"

"ಎರಡೂ ಚಂದ ಇತ್ತು. ನಂಗಲ್ಲ."

ಮಾಸ್ತಮ್ಮ ತಾನು ಮೀನು ಕೊಡುವ ಮನೆಗಳನ್ನು ಒಂದೊಂದಾಗಿ ಹೇಳತೊಡಗಿದಳು. "ಹಿರೇಗುತ್ತಿ ಮೇಲಿನ ಕೇರಿ ಮುದುಕಿಗೆ ಮುಳ್ಳು ಕಮ್ಮಿದು ಕೊಡು. ಶಾಲೆ ಹತ್ರದ ಮನೇಲಿ ನಾಯಿ ಇದೆ, ಹೊರಗಿಂದ್ಲೇ ಕೂಗು."

"ನಂಗೆಂತಕ್ಕೆ ಹೇಳ್ತೆ? ಆಪರೇಶನ್ ಆದ್ಮೇಲೆ ನೀನೇ ಬತ್ತೆಯಲ್ಲೆ."

ಮಾಸ್ತಮ್ಮ ಬೆರಳು ಮಡಚಿ ಮನೆಗಳನ್ನು ಎಣಿಸಿದಳು.

"ಸಣ್ಣಿ ಮನೆ ಬಿಟ್ಟೇಹೋತು," ಎಂದಳು. "ಅವ್ಳಿಗೆ ಶೆಟ್ಲಿ ಮೀನು ಇದ್ರೆ ಮಾತ್ರ ಹೋಗು. ಮಾಸ್ತಮ್ಮ ಎಲ್ಲಿ ಅಂತ ಕೇಳ್ತ್ಳು. ಎಂತಾರೂ ಹೇಳು."