ಬಲಗಾಲಿನ ತಪ್ಪು

ಉಗುರಿನ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಬಿಡಲಿಲ್ಲ. ಹೆಂಡತಿ ಹಳೆಯ ಬ್ರಷ್ಷನ್ನು ಮತ್ತೆ ಸೋಪಿನ ನೀರಿಗದ್ದಿ, ಗಂಡನ ತಣ್ಣನೆಯ ಬೆರಳುಗಳನ್ನು ಒಂದೊಂದಾಗಿ ಹಿಡಿದಳು. ಮೂವತ್ತು ವರ್ಷ ವಿಮಾನದ ಚಕ್ರಗಳ ಗ್ರೀಸು ಕುಡಿದ ಕೈ.

"ಬಿಡಮ್ಮ, ಅಪ್ಪ ಇದ್ದ ಹಾಗೇ ಇರಲಿ," ಎಂದಳು ಮಗಳು.

ಹೊರಗೆ ಹಜಾರದಲ್ಲಿ ಜೊತೆಗೆ ಕೆಲಸ ಮಾಡಿದವರು ಅವನ ಅಡ್ಡಹೆಸರಿನ ಮಾತೆತ್ತಿದ್ದರು. 'ಎರಡು ಸಲ' ಎಂದೇ ಅವನನ್ನು ಕರೆಯುತ್ತಿದ್ದದ್ದು. ಬಿಗಿದ ನಟ್ಟನ್ನು ಮತ್ತೆ ಮುಟ್ಟಿ ನೋಡುವವನು, ಅರ್ಧ ದಾರಿಯಿಂದ ವಾಪಸು ಬಂದು ಬೀಗ ಎಳೆದು ನೋಡುವವನು. ಪುಣ್ಯಕ್ಕೆ ಮದುವೆ ಮಾತ್ರ ಒಂದೇ ಸಲ ಆದ ಎಂದು ಅವನ ತಮ್ಮ ಅಂದಾಗ ಅಳುತ್ತಿದ್ದವರೂ ನಕ್ಕರು. ಆ ಚಾಳಿ ಹುಟ್ಟುಗುಣವಲ್ಲ, ಒಂದು ಮಧ್ಯಾಹ್ನದಿಂದ ಅಂಟಿಕೊಂಡದ್ದು ಎಂಬುದು ಹೆಂಡತಿಗೊಬ್ಬಳಿಗೇ ಗೊತ್ತಿತ್ತು.

ಮೈದುನ ಬಾಗಿಲಲ್ಲಿ ಇಣುಕಿದ. "ಅತ್ತಿಗೆ, ಕ್ಯಾಪ್ಟನ್ ಬಂದಿದಾರೆ. ನಿಮ್ಮನ್ನ ನೋಡಬೇಕಂತೆ."

ಅವಳು ಬ್ರಷ್ಷನ್ನು ಕೆಳಗಿಟ್ಟಳು. ಹತ್ತೊಂಬತ್ತು ವರ್ಷ, ವಾರಕ್ಕೊಮ್ಮೆ ಕೇರಂ ಆಡಲು ಬರುತ್ತಿದ್ದ ಆ ಮನುಷ್ಯನ ಹೆಜ್ಜೆ ಸದ್ದಿಗೇ ಅವಳು ಅಡಿಗೆಮನೆಗೆ ಸರಿದುಬಿಡುತ್ತಿದ್ದಳು. ಆಗೆಲ್ಲ ಗಂಡ ನಡುವೆ ಇರುತ್ತಿದ್ದ. ಇನ್ನು ಅವಳೊಬ್ಬಳೇ.

*

ಹತ್ತೊಂಬತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ಅವಳ ಗಂಡ ಹ್ಯಾಂಗರಿನ ಬಾಗಿಲಲ್ಲಿ ನಿಂತು ವಿಮಾನ ಇಳಿಯುವುದನ್ನು ನೋಡುತ್ತಿದ್ದ. ಹಿಂದಿನ ಚಕ್ರಗಳು ನೆಲ ಮುಟ್ಟಿದವು, ಆಮೇಲೆ ಮೂಗಿನ ಚಕ್ರ. ಮರುಕ್ಷಣ ವಿಮಾನ ಎಡಕ್ಕೆ ಎಳೆಯಿತು. ಒಳಗೆ ಕ್ಯಾಪ್ಟನ್ ಬಲಗಾಲಿನ ಪೆಡಲನ್ನು ಕೊನೆಮುಟ್ಟ ತುಳಿದಿದ್ದರು. ಚಕ್ರ ಮಾತು ಕೇಳಲಿಲ್ಲ. ಅರವತ್ತೊಂದು ಜನರಿದ್ದ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿ, ಕಾಂಕ್ರೀಟ್ ಚರಂಡಿಯತ್ತ ಓಡಿತು.

ಅವನೂ ಓಡಿದ. ಓಡುತ್ತಲೇ ಕೈ ಜೇಬಿಗೆ ಹೋಯಿತು. ಬೆರಳಿಗೆ ಕ್ಲಿಪ್ಪು ತಗುಲಿತು.

ಬೆಳಿಗ್ಗೆ ವಿಮಾನವನ್ನು ಎಳೆದು ತರಲು ಮೂಗಿನ ಚಕ್ರವನ್ನು ಪೆಡಲಿನ ಹಿಡಿತಕ್ಕೆ ಜೋಡಿಸುವ ಪಿನ್ನು ತೆಗೆದಿದ್ದ. ಅದನ್ನು ಮತ್ತೆ ಕೂರಿಸಿದ್ದಷ್ಟೇ, ಶಾಲೆಯಿಂದ ಫೋನ್ ಬಂದಿತ್ತು: ಮಗಳಿಗೆ ಜ್ವರ. ಪಿನ್ನು ಜಾರದಂತೆ ಹಿಡಿಯುವ ಕ್ಲಿಪ್ಪು ಜೇಬಿನಲ್ಲೇ ಉಳಿದಿತ್ತು.

ವಿಮಾನ ಚರಂಡಿಗೆ ನಾಲ್ಕು ಮಾರು ಈಚೆ ನಿಂತಿತ್ತು. ಜನ ಜಾರಿ ಇಳಿಯುತ್ತ ತಮ್ಮತಮ್ಮವರನ್ನು ಕೂಗುತ್ತಿದ್ದರು. ಅವನು ಧೂಳಿನಲ್ಲಿ ಮೂಗಿನಡಿ ನುಸುಳಿ, ನೇತಾಡುತ್ತಿದ್ದ ಪಿನ್ನನ್ನು ಒಳಗೆ ತಳ್ಳಿ ಕ್ಲಿಪ್ಪು ಹಾಕಿದ. ಯಾರೂ ನೋಡಲಿಲ್ಲ.

ಸಂಜೆ ಬಚ್ಚಲಲ್ಲಿ ಕೈ ತೊಳೆಯುತ್ತ ಹೆಂಡತಿಗೆ ಎಲ್ಲ ಹೇಳಿದ. ನಾಳೆ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದ. ಜ್ವರದಲ್ಲಿ ಸುಡುತ್ತಿದ್ದ ಮಗಳು ಅವಳ ಹೆಗಲ ಮೇಲಿದ್ದಳು.

"ಬೇಡ ರೀ. ನೀವು ಜೈಲಿಗೆ ಹೋದ್ರೆ ಇವಳನ್ನ ಕಟ್ಟಿಕೊಂಡು ನಾನೇನು ಮಾಡಲಿ?"

ವಿಚಾರಣೆಯಲ್ಲಿ ಚಕ್ರ ಸರಿಯಾಗಿದೆ ಎಂದಾಯಿತು. ಹಾಗಾದರೆ ಕ್ಯಾಪ್ಟನ್ ಬಲಗಾಲಿನ ಪೆಡಲು ತುಳಿದದ್ದು ತಡವಾಗಿರಬೇಕು ಎಂದು ಬರೆದರು. ಕ್ಯಾಪ್ಟನ್ ಮತ್ತೆ ವಿಮಾನ ಹಾರಿಸಲಿಲ್ಲ.

*

ಕ್ಯಾಪ್ಟನ್ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಆ ದಿನದಿಂದ ತಾನು ಕಾರನ್ನೂ ಓಡಿಸಿಲ್ಲ, ಸುಮ್ಮನೆ ಮೆಟ್ಟಿಲಿಳಿಯುವಾಗಲೂ ಈ ಬಲಗಾಲಿನ ಮೇಲೆ ಭರವಸೆಯಿಲ್ಲ ಎಂದರು.

"ಅದು ನಿಮ್ಮ ಕಾಲಿನ ತಪ್ಪಲ್ಲ ಅಂತ ಹೇಳಿದವನು ಇವನೊಬ್ಬನೇ ಅಮ್ಮಾ. ನಾನೇ ನಂಬಿರಲಿಲ್ಲ, ಅವನು ನಂಬಿದ್ದ."

ಅವಳು ಸುಮ್ಮನಿದ್ದರೆ ಇನ್ನು ಅರ್ಧ ಗಂಟೆಯಲ್ಲಿ ಎಲ್ಲ ಮಣ್ಣಾಗುತ್ತಿತ್ತು. ಮಗಳ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು.

"ಅವರು ನಂಬಿದ್ದಲ್ಲ, ಕ್ಯಾಪ್ಟನ್. ಅವರಿಗೆ ಗೊತ್ತಿತ್ತು."

ಕ್ಲಿಪ್ಪಿನ ಮಾತು, ಫೋನಿನ ಮಾತು, ಧೂಳಿನಲ್ಲಿ ನುಸುಳಿದ ಮಾತು ಎಲ್ಲ ಹೇಳಿದಳು. ಕಡೆಗೆ, "ತಡೆದವಳು ನಾನು," ಎಂದಳು. ಮಗಳು ಗೋಡೆಗೆ ಆನಿಕೊಂಡಳು. ಕ್ಯಾಪ್ಟನ್ ಮುಖ ಬಿಳಿಚಿತ್ತು.

ಅಷ್ಟರಲ್ಲಿ ಮೈದುನ ಇಬ್ಬರ ಜೊತೆ ಸ್ಟ್ರೆಚರ್ ಹಿಡಿದು ಒಳಗೆ ಬಂದ. ಬೀದಿಯಲ್ಲಿ ವ್ಯಾನು ಕಾಯುತ್ತಿತ್ತು. ದೇಹವನ್ನು ಅದರ ಮೇಲೆ ಮಲಗಿಸಿದರು. ನಾಲ್ಕು ಹಿಡಿ, ಮೂರು ಜನ.

"ಕ್ಯಾಪ್ಟನ್, ನೀವೊಂದು ಕೈ ಹಾಕಿ. ಅಣ್ಣನಿಗೆ ನಿಮಗಿಂತ ಹತ್ತಿರದವರು ಯಾರಿದಾರೆ?" ಎಂದ ಮೈದುನ.

ಕ್ಯಾಪ್ಟನ್ ಎದ್ದರು. ನಿಧಾನವಾಗಿ ಬಂದು, ಬಗ್ಗಿ, ತಲೆಯ ಕಡೆಯ ಹಿಡಿಯ ಮೇಲೆ ಕೈಯಿಟ್ಟರು. ಉಳಿದ ಮೂವರು ಮಂಡಿ ಮಡಿಸಿ, ಎತ್ತಲು ಸಿದ್ಧರಾಗಿ, ಅವರ ಮುಖವನ್ನೇ ನೋಡುತ್ತ ಕಾದರು.