ಅಕ್ಕನ ಡ್ರಾಯರ್

ಅಡುಗೆಮನೆಯ ಹೊಸ ಕಪಾಟುಗಳ ಕೀಲಿಗೊಂಚಲನ್ನು ಬಡಗಿ ಸೀದಾ ಮನೆ ಯಜಮಾನನ ಕೈಗೇ ಕೊಟ್ಟುಬಿಟ್ಟ. ಅವನನ್ನು ಬೈಯುವಂತೆಯೂ ಇಲ್ಲ. ಕೆಲಸ ಮುಗಿದರೆ ಕೀಲಿಯೆಲ್ಲ ಯಜಮಾನನಿಗೆ ಎಂದು ಗುರು ಕಲಿಸಿದ್ದ. ಮೂವತ್ತು ವರ್ಷದಿಂದ ಕೈಗೆ ಅದೇ ರೂಢಿ. ಪಾತ್ರೆ ಒರೆಸುತ್ತಿದ್ದ ಯಜಮಾನನ ಅಕ್ಕ ಒರೆಸುವುದನ್ನು ಬಿಟ್ಟು ಇತ್ತ ತಿರುಗಿದಳು.

"ಐದು ಬೀಗ ಹೇಳಿದ್ದೆ. ಇದೇನಪ್ಪಾ, ಆರು ಕೀಲಿ?" ಎಂದ ತಮ್ಮ.

ಬಡಗಿ ನಾಲಿಗೆ ಕಚ್ಚಿಕೊಂಡು ಅಕ್ಕನತ್ತ ನೋಡಿದ. ತಮ್ಮನ ಹೆಂಡತಿಗೆ ಅಷ್ಟು ಸಾಕಾಯಿತು.

ಅಕ್ಕ ಈ ಮನೆಗೆ ಬಂದು ಹತ್ತೊಂಬತ್ತು ವರ್ಷ. ತಮ್ಮನ ಎರಡೂ ಮಕ್ಕಳನ್ನು ಎತ್ತಿ ಆಡಿಸಿ ದೊಡ್ಡದು ಮಾಡಿದವಳು ಅವಳೇ. ಮಲಗುವುದು ಮಾತ್ರ ನಡುಮನೆಯಲ್ಲಿ, ಅದೂ ಎಲ್ಲರೂ ಟೀವಿ ನೋಡಿ ಎದ್ದ ಮೇಲೆ. ಬಟ್ಟೆ ಮಕ್ಕಳ ಬೀರುವಿನ ಕೆಳಖಾನೆಯಲ್ಲಿ, ಕನ್ನಡಕ ಫ್ರಿಜ್ಜಿನ ಮೇಲೆ, ಮಾತ್ರೆ ಕಿಟಕಿಯಲ್ಲಿ. ಹೋದ ವಾರ ಬಡಗಿಗೆ ಟೀ ಕೊಡುತ್ತ, ಸಿಂಕಿನ ಪಕ್ಕ ಉಳಿದ ಗೇಣಗಲ ಜಾಗದಲ್ಲಿ ತನಗೊಂದು ಡ್ರಾಯರ್ ಮಾಡಿ, ಬೀಗ ಹಾಕಿ, ಕೀಲಿ ತನಗೇ ಕೊಡಬೇಕೆಂದು ಗುಟ್ಟಾಗಿ ಕೇಳಿಕೊಂಡಿದ್ದಳು.

"ಅಯ್ಯಯ್ಯೋ, ನಮ್ಮನೇಲೇ ನಮಗೆ ಕಳ್ಳರ ಪಟ್ಟ!" ಎಂದಳು ತಮ್ಮನ ಹೆಂಡತಿ. "ತೆಗೀರಿ, ಏನು ಗಂಟು ಇಟ್ಟಿದಾರೋ ನೋಡೇಬಿಡೋಣ."

ತಮ್ಮ ಬೀಗ ತೆಗೆದು ಎಳೆದ. ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಅಳತೆಗೆ ಕತ್ತರಿಸಿ ಹಾಸಿತ್ತು. ಬೇರೇನೂ ಇರಲಿಲ್ಲ.

ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕದ್ದ ಮಾಲೇ ಸಿಕ್ಕಿದ್ದರೂ ಅಕ್ಕನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಇದರೊಳಗೆ ಏನಿಡೋಣ ಅಂತಿದ್ದೆ ಅಕ್ಕಾ?"

"ಇನ್ನೂ ಯೋಚ್ನೆ ಮಾಡಿರ್ಲಿಲ್ಲ ಕಣೋ."

"ಎಂಥ ಹುಚ್ಚಿ ನೀನು! ಇಡೀ ಮನೇನೇ ನಿಂದು. ನಿಂಗ್ಯಾಕೆ ಬೀಗ?" ತಮ್ಮ ಪ್ರೀತಿಯಿಂದಲೇ ಅವಳ ಭುಜ ತಟ್ಟಿ, ಬಡಗಿಯತ್ತ ತಿರುಗಿದ. "ಬೀಗ ಕಿತ್ತಾಕಪ್ಪಾ. ಪ್ಲಾಸ್ಟಿಕ್ ಕವರ್ ತುಂಬಿಡೋಕೆ ಆಗುತ್ತೆ."

ಬಡಗಿ ಮಂಡಿಯೂರಿ ಕೂತ. "ಸ್ವಲ್ಪ ಹಿಡ್ಕೊಳ್ಳಿ ಅಮ್ಮಾ," ಎಂದ, ತಲೆ ಎತ್ತದೆ. ಅಕ್ಕ ಕೈಯೊಡ್ಡಿದಳು. ನಾಲ್ಕು ಸ್ಕ್ರೂ ಒಂದೊಂದಾಗಿ ಅಂಗೈಗೆ ಬಿದ್ದವು.

"ಇವನ್ನ ಎಲ್ಲಿಡ್ಲಿ?" ಎಂದಳು.

"ನಿಮ್ಮನೆ ಅಲ್ವಾ ಅಕ್ಕಾ, ಎಲ್ಲಾದ್ರೂ ಇಡಿ!" ಕೋಣೆಗೆ ಹೋಗಿದ್ದ ತಮ್ಮನ ಹೆಂಡತಿ ಅಲ್ಲಿಂದಲೇ ಕೂಗಿದಳು. ಅವಳ ನಗು ಇನ್ನೂ ನಿಂತಿರಲಿಲ್ಲ.

ಅಕ್ಕ ಸ್ಕ್ರೂ ಹಿಡಿದುಕೊಂಡು ನಡುಮನೆಗೆ ಹೋದಳು. ಮಕ್ಕಳ ಕೋಣೆಯ ಬಾಗಿಲವರೆಗೂ ಹೋಗಿ ಮರಳಿದಳು. ಸಂಜೆ ಚಪಾತಿಗೆ ಹಿಟ್ಟು ಕಲಸುವಾಗ ಒಂದೇ ಕೈಯಲ್ಲಿ ಕಲಸುತ್ತಿದ್ದಳು. ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು.