ಕೈ ಹಿಡಿದವಳು

ಶ್ರಾವಣ ಕಳೆದು ಭಾದ್ರಪದ ಕಾಲಿಟ್ಟ ಆ ದಿನಗಳಲ್ಲಿ ಲಾತೂರು ಸೀಮೆಯ ನಿಲಂಗಾ ಪಟ್ಟಣದ ಸುತ್ತಲಿನ ಕಪ್ಪು ನೆಲ, ಆಗತಾನೆ ಮಿಂದು ಬಂದ ಹೆಂಗಸಿನ ಕೇಶರಾಶಿಯಂತೆ ಹೊಳೆಯುತ್ತಿತ್ತು. ಹಳದಿಗೆ ತಿರುಗುತ್ತಿದ್ದ ಸೋಯಾಬೀನಿನ ಎಲೆಗಳ ಮೇಲೆ ಮೋಡದ ನೆರಳೂ ಬಿಸಿಲೂ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು... ಸಹೃದಯ ಓದುಗರೇ, ಆ ಸಂಜೆ ನೀವು ಧಾನ್ಯದ ಪೇಟೆಯ ಹಿಂದಿನ ಓಣಿಯಲ್ಲಿ ನಡೆದುಹೋಗಿದ್ದರೆ, ತೊಗರಿಯ ಧೂಳನ್ನೂ ಲಾರಿಗಳ ಹೊಗೆಯನ್ನೂ ಮೀರಿ ತೇಲಿಬರುವ ಒಂದು ಪರಿಮಳ ನಿಮ್ಮನ್ನು ತಡೆದು ನಿಲ್ಲಿಸುತ್ತಿತ್ತು. ಅದು ಗವತಿ ಚಹಾದ, ಅಂದರೆ ನಿಂಬೆಹುಲ್ಲಿನ, ಎಣ್ಣೆಯದು!

ಆ ಪರಿಮಳ ಹೊರಡುತ್ತಿದ್ದುದು ಮೀನಲಳ ಕೋಣೆಯಿಂದ. ಲಾತೂರಿನಲ್ಲಿ ಮಾಲೀಶು ಕಲಿತು ಬಂದ ಈ ಮಿತಭಾಷಿಣಿ, ಅಜ್ಜಿ ಗುರುಬಾಯಿಯ ಮನೆಯಲ್ಲಿ ಒಂದು ಮಂಚ ಹಾಕಿ, ಬೆಚ್ಚಗಿನ ಕುಸುಬೆ ಎಣ್ಣೆಗೆ ಸುಗಂಧತೈಲದ ಹನಿ ಬೆರೆಸಿ, ಬಾಣಂತಿಯರ ಸೊಂಟವನ್ನೂ ಕಳೆ ಕಿತ್ತು ಬಳಲಿದವರ ಬೆನ್ನನ್ನೂ ನೀವುತ್ತಿದ್ದಳು. ಗಂಡಸರಿಗೆ ಅಲ್ಲಿ ಪ್ರವೇಶವಿರಲಿಲ್ಲ, ಒಬ್ಬರನ್ನು ಬಿಟ್ಟು. ಪಾರ್ಶ್ವವಾಯು ಬಡಿದು ಎಡಗೈ ಮುಷ್ಟಿಗಟ್ಟಿದ್ದ ವೃದ್ಧ ಮನ್ಮಥಪ್ಪ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜಿಸಲಾರದೆ ಕುಗ್ಗಿಹೋಗಿದ್ದರು. ಅವರು ಪಡಸಾಲೆಯಲ್ಲಿ ಕುಳಿತು ಕೈ ಚಾಚುವರು. ಆಕೆ ಒಂದೊಂದೇ ಬೆರಳನ್ನು, ಮುಂಜಾವಿನ ಬೆಳಕು ಮೊಗ್ಗನ್ನು ಬಿಡಿಸುವಂತೆ, ಮೆಲ್ಲಗೆ ಬಿಡಿಸಲು ನೋಡುವಳು...

ಎಣ್ಣೆ ತರುವವನು ಧೀರಜ. ಉದಗೀರದ ಕಿರಾಣಿ ವರ್ತಕರ ಮಗನಾದರೂ ಮಾಕಣಿ ಎಂಬ ಹಳ್ಳಿಯ ಹೊಲದಲ್ಲಿ ನಿಂಬೆಹುಲ್ಲು ಬೆಳೆದು ಅದರ ಎಣ್ಣೆಯನ್ನು ಭಟ್ಟಿ ಇಳಿಸುತ್ತಿದ್ದ. ಶೀಶೆ ಕೈಬದಲಾಗುವ ಕ್ಷಣಮಾತ್ರದ ಸ್ಪರ್ಶದಲ್ಲಿ ಇಬ್ಬರ ಎದೆಯಲ್ಲೂ ಅನುರಾಗ ಮೊಳೆತು, ಆ ಸಂಜೆ ಅವನ ತಾಯಿ ಪ್ರಯಾಗಬಾಯಿ ಮಗನನ್ನು ಕರೆದುಕೊಂಡು ಸಂಬಂಧ ಕೇಳಲು ಬಂದಿದ್ದಳು.

ಚಹಾ ಕುಡಿದು ಬಸಿಯನ್ನು ಕೆಳಗಿಟ್ಟ ಆಕೆ ಗುರುಬಾಯಿಯತ್ತ ತಿರುಗಿದಳು. “ಪೋರಿ ಛಲೋ ಇದ್ದಾಳ್ರೀ. ಖರೆ, ಊರಾಗ ಏನಂತಾರ ಗೊತ್ತದ? ಲಗ್ನಕ್ಕ ಮೊದಲೇ ಪರಗಂಡಸಿನ ಕೈ ಹಿಡದಾಳ ಅಂತಾರ!”

“ಮನ್ಮಥಪ್ಪನ ಕೈ ಏನ್ರೀ?” ಗುರುಬಾಯಿ ನಕ್ಕುಬಿಟ್ಟಳು. “ಆ ಮುದುಕಗ ಬಾಯಾಗ ಒಂದು ಹಲ್ಲಿಲ್ಲ!”

“ನಗಬ್ಯಾಡ್ರಿ. ಹೆಣ್ಣಾದಾಕಿ ಗಂಡನ ಕೈ ಒಂದೇ ಹಿಡೀಬೇಕು. ಈ ಮಾಲೀಶ ಧಂಧಾ ಬಂದ್ ಮಾಡಲಿ, ದೀಪಾವಳಿ ಆಗೂದ್ರಾಗ ಲಗ್ನ ಮಾಡೋಣು.”

ಮೀನಲ ಧೀರಜನನ್ನು ನೋಡಿದಳು. ಅವನು ನೆಲ ನೋಡಿದ.

“ಲಗ್ನ ಆಗೂತನಕ ಅಷ್ಟೇ ಮುಚ್ಚು, ಮೀನಲ. ಆಮ್ಯಾಲೆ ನಾ ಮತ್ತ ತೆಗಸ್ತೀನಿ.”

ಅಯ್ಯೋ, ಆ ತಾಯಿಯ ಕಠೋರ ಮಾತಿಗಿಂತ ಈ ಮೃದುವಚನವೇ ಆಳಕ್ಕೆ ನಾಟಿತು! ಬೇಸಿಗೆಯ ಮೊದಲ ಮಿಂಚಿನಂತೆ ಆ ಮೌನಿಯ ದನಿ ಹೊರಟಿತು.

“ಬ್ಯಾಡ್ರಿ. ಇವತ್ತ ನಾ ಮುಚ್ಚಿದ್ರ, ತೆಗಿಯೂದು ನಿಮ್ಮ ಮರ್ಜಿ ಆಗ್ತದ. ಹೌದ್ರೀ ಅತ್ತಿ, ನಾ ಕೈ ಹಿಡದೀನಿ. ಭಾಳ ಮಂದಿದು ಹಿಡದೀನಿ. ನಾಳೀನೂ ಹಿಡೀತೀನಿ. ಇದು ತಿಳದು ನನ್ನ ಕೈ ಯಾರು ಹಿಡೀತಾರ, ಅವರು ಹಿಡೀಲಿ.”

“ಏನ ಬಾಯಿ ಇಕೀದು! ನಡಿಯೋ ಧೀರಜ!”

ಅವನು ಎದ್ದು ಹೋದ... ಹೋಗಿಯೇಬಿಟ್ಟ!

“ಬಂದ ವರ ಹೋದ್ನಲ್ಲ ಪೋರಿ,” ಎಂದಳು ಗುರುಬಾಯಿ.

“ಹೋಗ್ಲಿ ಆಯಿ,” ಎಂದಳು ಮೀನಲ. ಕಣ್ಣು ತುಂಬಿದ್ದನ್ನು ಅಜ್ಜಿ ಕಂಡೂ ಕಾಣದಂತಿದ್ದಳು.

ಮರುದಿನ ಬೆಳಿಗ್ಗೆ ಮನ್ಮಥಪ್ಪ ಬಂದರು. ಆದರೆ ಮೆಟ್ಟಿಲು ಹತ್ತಲಿಲ್ಲ.

“ಇನ್ನ ನಾ ಬರೂದಿಲ್ಲ ಯವ್ವಾ. ನನ್ನ ಒಂದು ಕೈ ಸಲುವಾಗಿ ನಿನ್ನ ಲಗ್ನ ಮುರೀತಂತ. ಹೆಸರೇ ಮನ್ಮಥ ನೋಡು, ಈ ವಯಸ್ಸಿನ್ಯಾಗೂ ಮಂದಿ ಸಂಶಯ ಪಡ್ತಾರ!”

“ಬರ್ರಿ ಮುತ್ಯಾ. ಇವತ್ತ ಒಳಗ ಬ್ಯಾಡ, ಇಲ್ಲೇ ಕಟ್ಟಿ ಮ್ಯಾಲ ಕೂಡ್ರಿ. ಮಂದಿಗೆ ಛಂದಂಗ ಕಾಣಲಿ.”

ಓಣಿಗೆ ಮುಖಮಾಡಿದ ಕಟ್ಟೆಯ ಮೇಲೆ, ಸ್ವರ್ಣಧಾರೆಯಂತೆ ಸುರಿವ ಬಿಸಿಲಿನಲ್ಲಿ, ಆಕೆ ಆ ವೃದ್ಧಹಸ್ತವನ್ನು ತನ್ನೆರಡೂ ಕೈಗಳಲ್ಲಿ ಹಿಡಿದಳು. ಎದುರುಮನೆಯ ಕಿಟಕಿ ತೆರೆಯಿತು. ನೀರು ತರುವವರ ಕೊಡಗಳು ನಿಂತವು... ಆಕೆ ತಲೆ ತಗ್ಗಿಸಲಿಲ್ಲ.

ಆಗಲೇ ಓಣಿಯ ತಿರುವಿನಲ್ಲಿ ಧೀರಜ ಕಾಣಿಸಿದ. ಅಷ್ಟೂ ಕಣ್ಣುಗಳ ನಡುವೆ ನಡೆದು ಬಂದು ಕಟ್ಟೆಯ ಕೆಳಗೆ ನಿಂತ.

“ಅವ್ವಗ ಹೇಳಿ ಬಂದೀನಿ. ಮುಚ್ಚು ಅಂತ ನಾ ಕೇಳಿದ್ದು ತಪ್ಪಾತು, ಇನ್ನ ಕೇಳೂದಿಲ್ಲ ಅಂತ.”

“ಅವರು ಏನಂದ್ರು?”

“ಮಾತ ಬಿಟ್ಟಾಳ.”

ಹಾಗೆಂದು ಅವನು ಎಲ್ಲರೆದುರು ಕೈ ಚಾಚಿದ. ಮೀನಲಳ ಕೆನ್ನೆಗೆ ಸಂಧ್ಯಾರಾಗ ಏರಿತು. ಆದರೂ ಮುದುಕನ ಬೆರಳುಗಳನ್ನು ಆಕೆ ಬಿಡಲಿಲ್ಲ.

“ಈಗ ನನ್ನ ಕೈ ಖಾಲಿ ಇಲ್ಲ. ಕೂಡ್ರಿ.”

“ಕೂಡಪಾ, ನನ್ನ ಪಾಳಿ ಇನ್ನಾ ಮುಗದಿಲ್ಲ!” ಮನ್ಮಥಪ್ಪ ಬೊಚ್ಚುಬಾಯಿ ತೆರೆದು ನಕ್ಕರು.

ಧೀರಜ ಧೂಳು ತುಂಬಿದ ಮೆಟ್ಟಿಲ ಮೇಲೆ ಕುಳಿತ. ಮುಷ್ಟಿಗಟ್ಟಿದ ಆ ಬೆರಳುಗಳು ಅಂದೂ ಪೂರ್ತಿ ಬಿಚ್ಚಲಿಲ್ಲ. ಉದಗೀರದ ಮನೆಯ ಮುನಿಸೂ ಕರಗಲಿಲ್ಲ. ಆದರೆ ಓದುಗರೇ, ಒಲಿದವಳ ಕೈಯನ್ನು ಅದರ ಕೆಲಸದಿಂದ ಕಿತ್ತು ತನ್ನದಾಗಿಸಿಕೊಳ್ಳಲು ಆಸೆಗೆ ಒಂದು ಗಳಿಗೆ ಸಾಕು! ಆ ಕೈ ತಾನಾಗಿ ಬಿಡುವಾಗುವವರೆಗೆ, ಊರೆಲ್ಲ ನೋಡುವ ಬಿಸಿಲಿನಲ್ಲಿ, ತಲೆಯೆತ್ತಿ ಕಾಯಲು ಮಾತ್ರ ಪ್ರೀತಿಯೇ ಬೇಕು...